ಭರತದ ನೀರಿಗೆ ದಾರಿ ಬಿಡೋಣ

ಪಂಚಾಯತಿ ಸದಸ್ಯರೇ, ಉಪ್ಪುನೀರಿನ ಗದ್ದೆಯಾದ ಗಜನಿಯ ರೈತರೇ, ಇವತ್ತಿನ ಇಳಿತದ ದುಡಿಮೆ ಬಿಟ್ಟು ಬಂದ, ಬಳಚು ಎಂಬ ಚಿಪ್ಪುಜೀವಿ ತೆಗೆಯುವ ಅಕ್ಕಂದಿರೇ, ಎಲ್ಲರಿಗೂ ನಮಸ್ಕಾರ.

ನಮ್ಮ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. 4,801 ಹೆಕ್ಟೇರ್ ಜಾಗ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು. ಆವತ್ತಿನಿಂದ ನನ್ನನ್ನು ಜಾಸ್ತಿ ಜನ ಕೇಳಿದ್ದು ಒಂದೇ ಮಾತು: "ಇನ್ನು ನಮ್ಮನ್ನು ಹೊಳೆಗೆ ಇಳಿಯೋಕೆ ಬಿಡ್ತಾರಾ?" ಈ ಹೆದರಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ರಾಮ್ಸಾರ್ ಒಪ್ಪಂದ ಹೇಳುವುದು ಬೇಲಿ ಹಾಕಿ ಅಂತ ಅಲ್ಲ, ಹಾಳಾಗದ ಹಾಗೆ ಬಳಸಿ ಅಂತ. ಮೀನು, ಬಳಚು, ಉಪ್ಪು, ಕಗ್ಗ ಭತ್ತ ಎಲ್ಲ ಇರುವುದರಿಂದಲೇ ಈ ಅಳಿವೆಗೆ ಈ ಬೆಲೆ.

ನಾನು ಇವತ್ತು ಹೇಳಲು ಬಂದಿರುವುದು ನೀರಿನ ದಾರಿಯ ಬಗ್ಗೆ, ಅಂದರೆ ಭರತದಲ್ಲಿ ಏರಿ ಇಳಿತದಲ್ಲಿ ಇಳಿಯುವ ಕಡಲ ನೀರಿನ ದಾರಿಯ ಬಗ್ಗೆ. ಜೌಗು ನೆಲ ಉಳಿಸುವುದು ಅಂದ ಕೂಡಲೇ ನಾವು ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಸಸಿ ನೆಡಲು ಹೊರಡುತ್ತೇವೆ. ಅರಣ್ಯ ಇಲಾಖೆ ನಮ್ಮ ಕರಾವಳಿಯಲ್ಲಿ ವರ್ಷಗಟ್ಟಲೆ ನೆಟ್ಟಿದೆ, ಅದರಲ್ಲಿ ಎಷ್ಟೋ ಚೆನ್ನಾಗಿ ಬಂದಿದೆ. ಹೊನ್ನಾವರದಲ್ಲಿ ಕಾಂಡ್ಲಾ ಕಾಡಿನ ನಡುವೆ ಹಲಗೆ ದಾರಿಯಲ್ಲಿ ನಡೆದವರು ನೋಡಿರುತ್ತೀರಿ. ಕೇಂದ್ರ ಸರ್ಕಾರವೂ 2023ರಲ್ಲಿ 'ಮಿಷ್ಟಿ' ಎಂಬ ಕಾಂಡ್ಲಾ ಯೋಜನೆ ತಂದಿತು. ಆದರೆ ಮರದ ಗುಣ ನೋಡಿ. ಹಲವು ಜಾತಿಯ ಕಾಂಡ್ಲಾದ ಬೀಜ ಮರದಲ್ಲೇ ಮೊಳೆತು ಕೋಲಿನಂತೆ ಉದ್ದವಾಗುತ್ತದೆ. ಕೆಸರಿಗೆ ಬಿದ್ದು ಅಲ್ಲೇ ನಾಟಿಕೊಳ್ಳುತ್ತದೆ, ಇಲ್ಲ ಭರತದ ಜೊತೆ ತೇಲಿ ಹೋಗಿ ಹದವಾದ ಕೆಸರು ಸಿಕ್ಕಲ್ಲಿ ಬೇರು ಬಿಡುತ್ತದೆ. ಅಂದರೆ ಭರತ ಬಂದು ಹೋಗುವ ಕಡೆ ಅದು ತಾನಾಗಿ ಬರುತ್ತದೆ. ಭರತ ಮುಟ್ಟದ ಕಡೆ ನೀವು ನೆಟ್ಟದ್ದು ಸಾಯುತ್ತದೆ.

ಇದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಕೇರಿಯ ಹಿಂದೆ ಉಪ್ಪುನೀರಿನ ಹಳ್ಳ. ಅದರ ಮೇಲೆ ರಸ್ತೆ ಮಾಡುವಾಗ ಒಂದೇ ಒಂದು ಸಣ್ಣ ಪೈಪ್ ಇಟ್ಟರು. ಯಾರೂ ಒಂದು ಮರ ಕಡಿಯಲಿಲ್ಲ. ಆದರೂ ನಾಲ್ಕೈದು ವರ್ಷದಲ್ಲಿ ರಸ್ತೆಯ ಆಚೆಯ ಕಾಂಡ್ಲಾ ಎಲ್ಲ ಒಣಗಿ ನಿಂತವು. ಮಳೆಗಾಲದಲ್ಲಿ ಮನೆ ಹಿತ್ತಿಲಿಗೆ ನೀರು ಬರತೊಡಗಿತು. ದೊಡ್ಡ ಮೋರಿ ಮಾಡಿಸಲು ನಾವು ಆರು ವರ್ಷ ಓಡಾಡಿದೆವು. ಮೋರಿ ಆದ ಮರುವರ್ಷ ಹಳ್ಳದ ಅಂಚಿನಲ್ಲಿ ಸಸಿ ಕಂಡವು. ನೆಟ್ಟವರು ಯಾರೂ ಇಲ್ಲ!

ಇನ್ನೊಂದು ಮಾತನ್ನು ನೇರವಾಗಿ ಹೇಳುತ್ತೇನೆ. ಬಳಚು ಇರುವ ಕೆಸರು ಬಯಲಲ್ಲಿ ಕಾಂಡ್ಲಾ ನೆಡಬೇಡಿ. ಇಳಿತದಲ್ಲಿ ಖಾಲಿ ಕಾಣುವ ಆ ಬಯಲು ಖಾಲಿ ಅಲ್ಲ. ಅದು ಎಷ್ಟೋ ಹೆಂಗಸರ ದಿನದ ಕೂಲಿ, ಹಕ್ಕಿಗಳ ಮೇವು. ಎಲ್ಲಿ ನೆಡಬಾರದು ಅಂತ ಇಲ್ಲಿ ಕೂತ ಅಕ್ಕಂದಿರಿಗೆ ಗೊತ್ತು. ಮೊದಲು ಅವರನ್ನು ಕೇಳಿ.

ನೀರು ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ, ಪಕ್ಕದ ಶರಾವತಿ ಸಾಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಆಮೇಲೆ ಗೇರುಸೊಪ್ಪೆ ಅಣೆಕಟ್ಟು. ಕರೆಂಟು ತೆಗೆದ ಸಿಹಿನೀರು ವರ್ಷವಿಡೀ ಅಳಿವೆಗೆ ಬರತೊಡಗಿತು. ಉಪ್ಪು ಕಡಿಮೆಯಾಯಿತು, ಬಳಚು ಹೆಚ್ಚುಕಡಿಮೆ ಇಲ್ಲವಾಯಿತು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಶಿರಸಿಯ ಶಂಕರಹೊಂಡದಿಂದ ತದಡಿಯ ತನಕ ಹೊಳೆ ತನ್ನ ಪಾಡಿಗೆ ಬರುತ್ತದೆ. ಅದಕ್ಕೇ ನಮ್ಮಲ್ಲಿ ಬಳಚು ಉಳಿದಿದೆ.

ಗಜನಿಯ ವಿಷಯಕ್ಕೆ ಬರೋಣ. ಹಿಂದೆ ಊರವರೇ ಸೇರಿ ಮಣ್ಣಿನ ಕಟ್ಟೆ ಹಾಕುತ್ತಿದ್ದರು, ನೀರು ಬಿಡುವ ಬಾಗಿಲಿನ ಹಲಗೆ ಏರಿಸಿ ಇಳಿಸುತ್ತಿದ್ದರು. ಮಳೆಗಾಲದಲ್ಲಿ ಕಗ್ಗ. ಗೊಬ್ಬರ ಬೇಡ, ಉಪ್ಪು ತಡೆಯುತ್ತದೆ, ನೆರೆ ತಡೆಯುತ್ತದೆ. ತೆನೆ ಮಾತ್ರ ಕೊಯ್ದು ಹುಲ್ಲು ಬಿಟ್ಟರೆ ಅದೇ ಮೀನು ಸಿಗಡಿಗೆ ಮೇವು. ಆಮೇಲೆ ಬಾಗಿಲು ತೆರೆದರೆ ಉಪ್ಪುನೀರು, ಸಿಗಡಿ. ಒಂದೇ ನೆಲದಲ್ಲಿ ಎರಡು ಬೆಳೆ, ಎರಡೂ ಭರತದ ಲೆಕ್ಕದಲ್ಲಿ. 1970ರ ದಶಕದಲ್ಲಿ ಸರ್ಕಾರದ ಖಾರ್‌ಲ್ಯಾಂಡ್ ಕಟ್ಟೆಗಳು, ಅಂದರೆ ಉಪ್ಪುನೀರು ತಡೆಯುವ ಕಟ್ಟೆಗಳು, ಬಂದವು. ಕಟ್ಟೆ ಗಟ್ಟಿಯಾಯಿತು, ಆದರೆ ಅದು ನಮ್ಮದು ಅನ್ನುವ ಭಾವ ಸಡಿಲವಾಯಿತು. ಸಿಗಡಿಗೆ ಬೆಲೆ ಬಂದಾಗ ಎಷ್ಟೋ ಗಜನಿಗಳಲ್ಲಿ ಬಾಗಿಲು ಸಿಗಡಿಯ ಗುತ್ತಿಗೆದಾರನ ಲೆಕ್ಕಕ್ಕೆ ನಡೆಯಿತು, ಕಗ್ಗ ನಿಂತಿತು. ಇವತ್ತಿಗೂ ಮಾಣಿಕಟ್ಟಾದಂಥ ಕಡೆ ಕಗ್ಗ ಬೀಜ ಉಳಿಸಿಕೊಂಡವರನ್ನು ಕಂಡರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಪಂಚಾಯತಿ ಏನು ಮಾಡಬಹುದು? ಕರಾವಳಿ ನಿಯಂತ್ರಣ ವಲಯದ ನಿಯಮ ದೆಹಲಿಯಲ್ಲಿ ಆಗುತ್ತದೆ, ನಿಜ. ಕಾಂಡ್ಲಾ ಇರುವ ಜಾಗಕ್ಕೆ ಅದರಲ್ಲಿ ಅತಿ ಹೆಚ್ಚಿನ ರಕ್ಷಣೆ ಇದೆ. ಆದರೆ ರಾತ್ರಿ ಲಾರಿ ಮಣ್ಣು ಸುರಿದರೆ ಮೊದಲು ನೋಡುವುದು ನಾವು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲಾತಿ ಬರೆಯಬೇಕು. ಈ ದಾಖಲಾತಿಯನ್ನು ಕಪಾಟಿನಲ್ಲಿಡುವ ಪುಸ್ತಕ ಮಾಡಬೇಡಿ. ಯಾವ ಹಳ್ಳಕ್ಕೆ ಭರತ ಎಲ್ಲಿಯ ತನಕ ಬರುತ್ತಿತ್ತು, ಈಗ ಎಲ್ಲಿ ನಿಲ್ಲುತ್ತದೆ, ಯಾವ ಮೋರಿ ಸಣ್ಣದು, ಬಳಚಿನ ಬಯಲು ಯಾವುದು, ಇದೆಲ್ಲ ಅದರಲ್ಲಿ ಇರಲಿ. ಗ್ರಾಮಸಭೆಯಲ್ಲಿ ಓದಿ ಹೇಳಿ. ಮುಂದೆ ರಸ್ತೆಯ ಅಂದಾಜುಪಟ್ಟಿ ಬಂದಾಗ ಇಂಜಿನಿಯರ್ ಮುಂದೆ ಅದೇ ಪುಟ ತೆರೆದಿಡಿ. ಸಮಿತಿಯಲ್ಲಿ ಹೆಂಗಸರಿಗೆ ಜಾಗ ಇದೆ. ಅಲ್ಲಿಗೆ ದಯವಿಟ್ಟು ಕೆಸರಿಗೆ ಇಳಿಯುವವರನ್ನೇ ಕಳಿಸಿ.

ಈಗ ಇಳಿತ ಶುರುವಾಗಿದೆ. ಚಹಾ ಕುಡಿದು ಕೆಳಗಿನ ಕಟ್ಟೆಯ ತನಕ ಹೋಗಿಬರೋಣ. ಮೂರನೇ ಬಾಗಿಲಿನ ಹಲಗೆ ಕೊಳೆತಿದೆ. ಅಧ್ಯಕ್ಷರು ಒಮ್ಮೆ ಕೈಯಿಂದ ಮುಟ್ಟಿ ನೋಡಲಿ. ಮಳೆ ಹಿಡಿಯುವ ಮುಂಚೆ ಅದನ್ನು ಬದಲಿಸಬೇಕು.