ಹೈಫಾಕ್ಕೆ ಹೋದ ಮೈಸೂರಿನ ಕುದುರೆಗಳು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಜೆ.ಸಿ. ನಗರದ ಕಡೆ ಓಡಾಡುವವರು ಅಲ್ಲೊಂದು ಕಲ್ಲಿನ ಸ್ಮಾರಕ ಕಂಬವನ್ನು ನೋಡಿರಬಹುದು. ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಅದು. ಮೊದಲ ಮಹಾಯುದ್ಧದಲ್ಲಿ ಮಡಿದ ನಮ್ಮ ಸಂಸ್ಥಾನದ ಕುದುರೆ ಸವಾರರ ನೆನಪಿಗೆ ನಿಲ್ಲಿಸಿದ್ದು. ನಾನು ಎಷ್ಟೋ ಸಲ ಅದನ್ನು ನೋಡಿಯೂ ನೋಡದ ಹಾಗೆ ದಾಟಿ ಹೋಗಿದ್ದೇನೆ. ಒಂದು ದಿನ ಸುಮ್ನೆ ನಿಂತೆ. ಇವರು ಅಷ್ಟು ದೂರ ಹೋಗಿ ಗೆದ್ದುಕೊಟ್ಟ ಊರಿಗೆ ಆಮೇಲೆ ಏನಾಯಿತು ಅನ್ನೋ ಪ್ರಶ್ನೆ ಆವತ್ತು ತಲೆಗೆ ಹೊಕ್ಕಿತು.

ಆ ಊರು ಹೈಫಾ. ಮೆಡಿಟರೇನಿಯನ್ ಸಮುದ್ರದ ದಡದಲ್ಲಿದೆ. ಈಗ ಇಸ್ರೇಲಿಗೆ ಸೇರಿದೆ. ಆಗ ಅದು ಆಟೋಮನ್ ತುರ್ಕರ ಕೈಯಲ್ಲಿತ್ತು, ಅದೂ ಸುಮಾರು 400 ವರ್ಷಗಳಿಂದ.

1914ರಲ್ಲಿ ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಬ್ರಿಟಿಷರಿಗೆ 50 ಲಕ್ಷ ರೂಪಾಯಿ ಕೊಟ್ಟರು. ಜೊತೆಗೆ ಸಂಸ್ಥಾನದ ಸವಾರರೂ ಹಡಗು ಹತ್ತಿದರು. ಮೊದಲು ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆಯ ಕಾವಲು. ಆಮೇಲೆ ಪ್ಯಾಲೆಸ್ಟೈನ್.

1918ರ ಸೆಪ್ಟೆಂಬರ್ 23, ಮಧ್ಯಾಹ್ನ. ಹೈಫಾಕ್ಕೆ ಹೋಗುವ ದಾರಿಯ ಒಂದು ಪಕ್ಕ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕ ಕಿಶೋನ್ ನದಿಯ ಜೌಗು. ಬೆಟ್ಟದ ಮೇಲೆ ಶತ್ರುಗಳ ಫಿರಂಗಿ, ಕೆಳಗೆ ಮಷಿನ್ ಗನ್. ಜೋಧಪುರದ ಸವಾರರು ಕೆಳಗಿನಿಂದ ನೇರ ನುಗ್ಗಿದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಅಲ್ಲೇ ಗುಂಡಿಗೆ ಬಲಿಯಾದರು. ಬೆಟ್ಟದ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸುವ ಕೆಲಸ ಮೈಸೂರಿನವರಿಗೆ. ಕಡಿದಾದ ಕಲ್ಲುದಾರಿಯಲ್ಲಿ ಕುದುರೆ ಹತ್ತಿಸಬೇಕು. ಎಷ್ಟೋ ಕುದುರೆಗಳು ಅರ್ಧ ದಾರಿಯಲ್ಲೇ ಸೋತವು. ಮೇಲೆ ತಲುಪಿದ ಕೆಲವೇ ಮಂದಿ ಈಟಿ ಹಿಡಿದು ಫಿರಂಗಿಗಳ ಮೇಲೆ ಬಿದ್ದರು. ಸಂಜೆಯೊಳಗೆ ಊರು ಕೈಗೆ ಬಂತು. ಸುಮಾರು 1,350 ಮಂದಿ ಸೆರೆ, 17 ಫಿರಂಗಿ ವಶ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಮೂವರು ಸೈನಿಕರ ಪ್ರತಿಮೆ ಇದೆಯಲ್ಲ, ಅದು ಜೋಧಪುರ, ಮೈಸೂರು, ಹೈದರಾಬಾದ್ ಸವಾರರ ನೆನಪಿನದು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತದೆ. ಶೌರ್ಯ, ಪದಕ, ಹಾರ. ನನಗೆ ಅದರ ಮುಂದಿನದು ಜಾಸ್ತಿ ಕಾಡುತ್ತದೆ.

ಯಾಕೆಂದರೆ ಹೈಫಾ ಯಾರಿಗೆ ಅಂತ 1916ರಲ್ಲೇ ತೀರ್ಮಾನ ಆಗಿತ್ತು. ಬ್ರಿಟನ್ನಿನ ಮಾರ್ಕ್ ಸೈಕ್ಸ್, ಫ್ರಾನ್ಸಿನ ಫ್ರಾಂಸ್ವಾ ಪಿಕೊ ಕೂತು ಗುಟ್ಟಾಗಿ ಒಂದು ಒಪ್ಪಂದ ಸಿದ್ಧಪಡಿಸಿದ್ದರು. ಸಿರಿಯಾದ ಕಡೆ ಫ್ರಾನ್ಸಿಗೆ, ಇರಾಕಿನ ಕಡೆ ಬ್ರಿಟನ್ನಿಗೆ. ಹೈಫಾ ಬಂದರೂ ಬ್ರಿಟನ್ನಿಗೆ, ಅಲ್ಲಿಂದ ಬಾಗ್ದಾದಿಗೆ ರೈಲು ಹಾಕುವ ಹಕ್ಕಿನ ಸಮೇತ. ಊರು ಕೈಗೆ ಬರುವುದಕ್ಕೆ ಇನ್ನೂ ಎರಡು ವರ್ಷ ಇತ್ತು! ಕೂಸು ಹುಟ್ಟುವ ಮೊದಲೇ ಕುಲಾವಿ ಅಂತೀವಲ್ಲ, ಹಾಗೆ.

ಗೆರೆ ಎಲ್ಲಿ ಎಳೆಯಬೇಕು ಅಂತ ಲಂಡನ್ನಿನಲ್ಲಿ ಕೇಳಿದಾಗ ಸೈಕ್ಸ್ ಕೊಟ್ಟ ಉತ್ತರ ಹೆಸರುವಾಸಿ. ನಕ್ಷೆಯಲ್ಲಿ ಏಕರ್ ಎಂಬ ಹೆಸರಿನ ಕೊನೆಯ 'ಇ' ಅಕ್ಷರದಿಂದ ಕಿರ್ಕೂಕ್ ಎಂಬ ಹೆಸರಿನ ಕೊನೆಯ 'ಕೆ' ಅಕ್ಷರದವರೆಗೆ ಎಳೆಯೋಣ ಅಂದನಂತೆ. ಏಕರ್ ಅಂದರೆ ನಮ್ಮ ಜಮೀನಿನ ಎಕರೆ ಅಲ್ಲ, ಹೈಫಾದ ಪಕ್ಕದ ಊರು. ಕಿರ್ಕೂಕ್ ಇರಾಕಿನ ಊರು. ನಮ್ಮಲ್ಲಿ ಎರಡು ಗುಂಟೆ ಅಳೆಯಬೇಕಾದರೂ ಸರ್ವೆಯವರು ಬಂದು ಸರಪಳಿ ಹಿಡಿಯಬೇಕು. ಅಲ್ಲಿ ನಕ್ಷೆಯ ಅಕ್ಷರವೇ ಬಾಂದುಕಲ್ಲು.

ಇದರ ಜೊತೆಗೆ ಇನ್ನೂ ಎರಡು ಮಾತು ಕೊಟ್ಟಾಗಿತ್ತು. ತುರ್ಕರ ಮೇಲೆ ದಂಗೆ ಎದ್ದರೆ ಅರಬರಿಗೆ ಸ್ವಾತಂತ್ರ್ಯ ಅಂತ ಮಕ್ಕಾದ ಶರೀಫ, ಅಂದರೆ ಅಲ್ಲಿನ ಆಡಳಿತಗಾರ, ಹುಸೇನನಿಗೆ ಬ್ರಿಟಿಷರು ಪತ್ರ ಬರೆದಿದ್ದರು. ಯಾವ ಯಾವ ಜಾಗ ಅನ್ನೋದನ್ನು ಮಾತ್ರ ಮಸುಕಾಗಿ ಬಿಟ್ಟಿದ್ದರು. 1917ರ ನವೆಂಬರ್ 2ರಂದು ವಿದೇಶಾಂಗ ಸಚಿವ ಬಾಲ್ಫರ್ ಇನ್ನೊಂದು ಪತ್ರ ಬರೆದ. ಪ್ಯಾಲೆಸ್ಟೈನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಕಟ್ಟಿಕೊಡಲು ಬ್ರಿಟನ್ ನೆರವಾಗುತ್ತದೆ ಅಂತ. ಆಗ ಅಲ್ಲಿದ್ದ ಜನರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಅರಬರು. ಒಂದೇ ಹೊಲವನ್ನು ಮೂವರಿಗೆ ಕ್ರಯ ಮಾಡಿಕೊಟ್ಟರೆ ಏನಾಗುತ್ತದೆ ಅಂತ ನಮ್ಮ ಯಾವ ತಾಲ್ಲೂಕು ಕೋರ್ಟಿನ ಮುಂದೆ ನಿಂತರೂ ಗೊತ್ತಾಗುತ್ತದೆ.

ಗುಟ್ಟು ಅದೇ ತಿಂಗಳು ರಟ್ಟಾಯಿತು. ರಷ್ಯಾದಲ್ಲಿ ಅಧಿಕಾರ ಹಿಡಿದ ಬೋಲ್ಶೆವಿಕರು ಹಳೇ ಸರ್ಕಾರದ ಕಪಾಟಿನಲ್ಲಿದ್ದ ಒಪ್ಪಂದವನ್ನು ಪತ್ರಿಕೆಯಲ್ಲಿ ಹಾಕಿಬಿಟ್ಟರು.

ಹುಸೇನನ ಮಗ ಫೈಸಲ್‌ನ ಕಥೆ ಕೇಳಿ. 1920ರ ಮಾರ್ಚಿನಲ್ಲಿ ಅವನನ್ನು ಡಮಾಸ್ಕಸ್ಸಿನಲ್ಲಿ ಸಿರಿಯಾದ ರಾಜ ಅಂತ ಸಾರಿದರು. ಜುಲೈನಲ್ಲಿ ಫ್ರೆಂಚರು ಸೈನ್ಯ ತಂದು ಓಡಿಸಿದರು. ಮರುವರ್ಷ ಆಗಸ್ಟಿನಲ್ಲಿ ಬ್ರಿಟಿಷರು ಅವನನ್ನೇ ಕರೆದುಕೊಂಡು ಹೋಗಿ ಬಾಗ್ದಾದಿನಲ್ಲಿ ಇರಾಕಿನ ರಾಜನಾಗಿ ಕೂರಿಸಿದರು. ಬಾಡಿಗೆ ಮನೆ ಬದಲಾಯಿಸಿದ ಹಾಗೆ. ಪಟ್ಟಾಭಿಷೇಕದ ದಿನ ಹೊಸ ದೇಶಕ್ಕೆ ಇನ್ನೂ ತನ್ನದೇ ಗೀತೆ ಇರಲಿಲ್ಲ. ಬ್ಯಾಂಡಿನವರು ಇಂಗ್ಲೆಂಡಿನ ರಾಜನ ಗೀತೆ ನುಡಿಸಿದರು.

ಅದಕ್ಕೆ ಮುಂಚೆ, 1920ರಲ್ಲಿ, ಇರಾಕಿನ ಜನ ಬ್ರಿಟಿಷರ ವಿರುದ್ಧ ದಂಗೆ ಎದ್ದಿದ್ದರು. ಅದನ್ನು ತುಳಿಯಲು ಹೋದ ಪಡೆಯಲ್ಲಿ ಹೆಚ್ಚಿನವರು ಯಾರು? ಭಾರತದ ಸಿಪಾಯಿಗಳು. ಇರಾಕಿನ ಸಂತೆಯಲ್ಲಿ ಚಲಾವಣೆಯಲ್ಲಿದ್ದ ಹಣವೂ ನಮ್ಮ ರೂಪಾಯಿಯೇ. 1932ರಲ್ಲಿ ದಿನಾರ್ ಬರುವವರೆಗೂ ಹಾಗೇ ಇತ್ತು. ನಾವೂ ಆಗ ಗುಲಾಮರು, ನಿಜ. ಆದರೂ ಬಂದೂಕು ನಮ್ಮವರ ಹೆಗಲ ಮೇಲಿತ್ತು ಅನ್ನೋದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ.

ಅಲ್ಲಿನ ಇವತ್ತಿನ ಜಗಳಗಳಿಗೆಲ್ಲ ಸೈಕ್ಸ್, ಪಿಕೊ ಇಬ್ಬರ ಗೆರೆಯೇ ಕಾರಣ ಅನ್ನುವವರಿದ್ದಾರೆ. ನಾನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಸೈಕ್ಸ್ ಎಳೆದ ಗೆರೆ ಆಮೇಲೆ ಸಾಕಷ್ಟು ಬದಲಾಯಿತು. ಅಲ್ಲಿನ ಅರಸರು, ಸೇನಾಧಿಕಾರಿಗಳು ಮಾಡಿಕೊಂಡ ಎಡವಟ್ಟುಗಳೂ ಕಡಿಮೆಯೇನಲ್ಲ. ಆದರೆ ಯಾವುದು ದೇಶ, ಯಾರು ರಾಜ, ಎಣ್ಣೆ ಯಾವ ಕಡೆ ಹರಿಯಬೇಕು ಅನ್ನುವ ಮೊದಲ ಮೂರು ಪ್ರಶ್ನೆಗೆ ಉತ್ತರ ಬರೆದವರು ಹೊರಗಿನವರು.

ಎಣ್ಣೆ ಅಂದೆ ನೋಡಿ. 1927ರಲ್ಲಿ ಕಿರ್ಕೂಕಿನ ಹತ್ತಿರ ಭೂಮಿಯಿಂದ ಎಣ್ಣೆ ಚಿಮ್ಮಿತು. ಸಮುದ್ರಕ್ಕೆ ಸಾಗಿಸಲು ಕೊಳವೆ ಹಾಕಿದರು. ಹೊರಡುವಾಗ ಜೊತೆಯಾಗಿ ಹೊರಟ ಕೊಳವೆಗಳು ಯೂಫ್ರೆಟಿಸ್ ನದಿಯ ಹದೀಥಾ ಊರಿನ ಹತ್ತಿರ ಕವಲೊಡೆದವು. ಒಂದು ಫ್ರೆಂಚರ ಕೈಯಲ್ಲಿದ್ದ ಸಿರಿಯಾ ದಾಟಿ ಲೆಬನಾನಿನ ಟ್ರಿಪೋಲಿಗೆ. ಇನ್ನೊಂದು ಬ್ರಿಟಿಷರ ನೆಲದಲ್ಲೇ ಸಾಗಿ ಹೈಫಾಕ್ಕೆ. ಅಣ್ಣತಮ್ಮಂದಿರು ಪಾಲಾದ ಮೇಲೆ ಬಾವಿಯ ನೀರಿಗೂ ಎರಡು ಕಾಲುವೆ ತೋಡಿಕೊಂಡ ಹಾಗಾಯಿತು.

ಹೈಫಾದ ಕೊಳವೆ ಹೆಚ್ಚು ಕಾಲ ಬಾಳಲಿಲ್ಲ. 1948ರ ಏಪ್ರಿಲಿನಲ್ಲಿ ಊರು ಯಹೂದಿ ಪಡೆಗಳ ವಶವಾಯಿತು. ಅಲ್ಲಿದ್ದ ಹತ್ತಾರು ಸಾವಿರ ಅರಬರಲ್ಲಿ ಕೆಲವೇ ಸಾವಿರ ಮಂದಿ ಉಳಿದರು. ಇಸ್ರೇಲ್ ಹುಟ್ಟಿತು. ಇರಾಕ್ ಎಣ್ಣೆ ನಿಲ್ಲಿಸಿತು. ಜೂನ್ 30ರಂದು ಕೊನೆಯ ಬ್ರಿಟಿಷ್ ಪಡೆ ಅದೇ ಹೈಫಾ ಬಂದರಿನಲ್ಲಿ ಹಡಗು ಹತ್ತಿ ಹೊರಟಿತು.

ಆದರೆ ಆ ಕೊಳವೆಗಳ ಗುರುತು ಅಳಿದಿಲ್ಲ. ಎಣ್ಣೆ ತಳ್ಳಲು ದಾರಿಯುದ್ದಕ್ಕೂ ಪಂಪ್ ಕೇಂದ್ರಗಳಿದ್ದವು. ಅವುಗಳಿಗೆ ಅಕ್ಷರ, ಅಂಕಿ ಸೇರಿಸಿ ಹೆಸರಿಟ್ಟಿದ್ದರು. ಇತ್ತೀಚಿನ ವರ್ಷಗಳಲ್ಲಿ ಸಿರಿಯಾದ ಟಿ-4 ವಾಯುನೆಲೆಯ ಮೇಲೆ ದಾಳಿ ಅಂತ ವಾರ್ತೆಯಲ್ಲಿ ನೀವು ಕೇಳಿರಬಹುದು. ಆ ಟಿ ಅಂದರೆ ಟ್ರಿಪೋಲಿ, 4 ಅಂದರೆ ನಾಲ್ಕನೇ ಪಂಪು. ಇರಾಕಿನ ಮರಳುಗಾಡಿನಲ್ಲಿ ಎಚ್-3 ಅನ್ನುವ ವಾಯುನೆಲೆಯೂ ಇದೆ. ಆ ಎಚ್, ನಮ್ಮ ಸವಾರರು ಹತ್ತಿದ ಬೆಟ್ಟದ ಕೆಳಗಿನ ಹೈಫಾ.

ನಮಸ್ಕಾರ.