ಸೊಲ್ಲಾಪುರಕ್ಕೆ ಬಂದರೆ ಒಂದು ಪೂರ್ತಿ ದಿನ ಇರಿ

ಕೇಳುಗರಿಗೆ ನಮಸ್ಕಾರ.

ವಿಜಯಪುರ, ಕಲಬುರಗಿ ಕಡೆಯಿಂದ ನಮ್ಮ ಸೊಲ್ಲಾಪುರಕ್ಕೆ ದಿನಾಲೂ ಜನ ಬರುತ್ತಾರೆ. ಸಿದ್ಧರಾಮೇಶ್ವರನ ಗುಡಿಗೆ ಹೋಗಿ ಕೈ ಮುಗಿಯುತ್ತಾರೆ. ಬಸ್ ಹತ್ತುವ ಮುಂಚೆ ಅವಸರದಲ್ಲಿ ಒಂದು ಚಾದರ ಕೊಳ್ಳುತ್ತಾರೆ. ಅಷ್ಟಕ್ಕೇ ಊರು ನೋಡಿದ್ದು ಮುಗಿಯಿತು. ಹಾಗೆ ಮಾಡಬೇಡಿ ಅಂತ ಕೇಳಿಕೊಳ್ಳೋದಕ್ಕೇ ಇವತ್ತು ಬಂದಿದ್ದೇನೆ.

ಮೊದಲು ಚಾದರದ ವಿಷಯ. ಅಸಲಿ ಸೊಲ್ಲಾಪುರ ಚಾದರ ಹತ್ತಿ ನೂಲಿನದು, ನೇಯುವಾಗಲೇ ಚಿತ್ತಾರ ಮೂಡಿಸುವ ಜಕಾರ್ಡ್ ಮಗ್ಗದಲ್ಲಿ ನೇಯ್ದದ್ದು. ಅದರ ಚಿತ್ತಾರ ಎರಡೂ ಮಗ್ಗುಲಲ್ಲಿ ಕಾಣುತ್ತದೆ, ಬಣ್ಣ ಮಾತ್ರ ಅದಲುಬದಲು. ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಇದಕ್ಕಿದೆ, ಅಂದರೆ ಈ ಹೆಸರು ಇಲ್ಲಿನ ಮಾಲಿಗಷ್ಟೇ ಸಲ್ಲಬೇಕು. ಆದರೂ ಬೇರೆ ಕಡೆಯ ಪಾಲಿಯೆಸ್ಟರ್ ಮಾಲು ಇದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಇದು ನೇಕಾರರ ಹೊಟ್ಟೆಯ ಮೇಲೆ ಹೊಡೆಯುವ ಕೆಲಸ. ಅದಕ್ಕೇ ಹೇಳುತ್ತೇನೆ, ಮಡಿಕೆ ಬಿಚ್ಚಿಸಿ ನೋಡಿ. ಕೈಯಲ್ಲಿ ಎತ್ತಿ ತೂಕ ನೋಡಿ. ಅನುಮಾನ ಬಂದರೆ ಅಂಚಿನ ಒಂದೆಳೆ ನೂಲು ಕೇಳಿ ತೆಗೆದುಕೊಂಡು ಹೊರಗೆ ಬಂದು ಬೆಂಕಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಳಿಗೆಯಾಗುತ್ತದೆ. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಸಮಯವಿದ್ದರೆ ಪೂರ್ವ ಭಾಗದ ಕಡೆ ಹೋಗಿ. ತೆಲುಗು ಮಾತಾಡುವ ಪದ್ಮಶಾಲಿ ನೇಕಾರರ ಓಣಿಗಳು ಅಲ್ಲಿವೆ. ಟವೆಲ್ಲನ್ನೂ ಮರೆಯಬೇಡಿ. ಮೈ ಒರೆಸೋಕೆ ಅದಕ್ಕಿಂತ ಒಳ್ಳೆಯದು ನನಗಂತೂ ಸಿಕ್ಕಿಲ್ಲ. ಉಳಿದ ಬಟ್ಟೆಬರೆಗೆ ನವೀ ಪೇಟೆ ಸಾಕು. ಎಲ್ಲೇ ಹೋಗಿ, ಸುಮ್ನೆ ಕನ್ನಡದಲ್ಲೇ ಶುರುಮಾಡಿ. ಮರಾಠಿ, ತೆಲುಗು, ಉರ್ದು ಇರುವ ಈ ಊರಲ್ಲಿ ಕನ್ನಡ ಬಲ್ಲ ವ್ಯಾಪಾರಿಗಳೂ ಬೇಕಾದಷ್ಟು ಇದ್ದಾರೆ.

ಇನ್ನು ಊಟ. ದೊಡ್ಡ ಹೋಟೆಲಿಗಿಂತ ಖಾನಾವಳಿ ನನಗೆ ಜಾಸ್ತಿ ಇಷ್ಟ. ಬಿಸಿ ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ, ಮೊಸರು. ಮಾಂಸ ತಿನ್ನುವವರು ಸಾವಜಿ ಖಾನಾವಳಿ ಹುಡುಕಿ. ಖಾರ ತಡೆಯಲ್ಲ ಅಂದರೆ ಮೊದಲೇ ಹೇಳಿಬಿಡಿ. ಗುಂಡು ಹಾಕುವವರಿಗೆ ಒಂದೇ ಮಾತು: ಇದು ಮಹಾರಾಷ್ಟ್ರ. ಇಲ್ಲಿನ ಕಾನೂನಿನ ಪ್ರಕಾರ ಬೀರಿಗೆ 21 ವರ್ಷ ಆಗಿರಬೇಕು, ವಿಸ್ಕಿ, ರಮ್ಮಿಗೆ 25.

ಬರುವುದಕ್ಕೆ ಜನವರಿಯೇ ಚೆಂದ. ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ. ಎತ್ತರದ ಏಳು ನಂದಿಧ್ವಜಗಳು ಅವನು ಸ್ಥಾಪಿಸಿದ 68 ಲಿಂಗಗಳ ಕಡೆ ಮೆರವಣಿಗೆಯಲ್ಲಿ ಹೊರಡುತ್ತವೆ. 12ನೆಯ ಶತಮಾನದ ನಮ್ಮ ವಚನಕಾರನ ಹಬ್ಬ ಇದು, ಅಲ್ವಾ? ಹೋಮ ಮೈದಾನದಲ್ಲಿ ದೊಡ್ಡ ಪೇಟೆಯೇ ಕೂಡುತ್ತದೆ. ಅದೇ ಹೊತ್ತಿಗೆ ಸುತ್ತಲಿನ ಹೊಲಗಳಲ್ಲಿ ಹುರ್ಡಾ, ಅಂದರೆ ನಮ್ಮ ಸೀತನಿ. ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ಉಜ್ಜಿ ಕಾಳು ಬಿಡಿಸಿ ಕೊಡುತ್ತಾರೆ. ಬೆಲ್ಲ, ಶೇಂಗಾ ಚಟ್ನಿ ಜೊತೆಗಿರುತ್ತದೆ. ಆರಿದ ಮೇಲೆ ಆ ರುಚಿ ಇರುವುದಿಲ್ಲ, ಹೊಲದಲ್ಲೇ ಕೂತು ತಿನ್ನಿ.

ಶೇಂಗಾ ಚಟ್ನಿಯನ್ನು ಮನೆಗೂ ಒಯ್ಯಿರಿ. ಕುಟ್ಟಿದ್ದು ಬೇಕು ಅಂತ ಕೇಳಿ. ಕುಟ್ಟಿದಾಗ ಶೇಂಗಾದ ಎಣ್ಣೆ ತಾನೇ ಬಿಟ್ಟುಕೊಂಡು ಚಟ್ನಿ ಮೆತ್ತಗಿರುತ್ತದೆ. ಜೊತೆಗೆ ಒಂದು ಕಟ್ಟು ಖಡಕ್ ರೊಟ್ಟಿ ತಗೊಳ್ಳಿ, ದಾರಿಯ ಊಟಕ್ಕೂ ಆಯಿತು.

ನಮಸ್ಕಾರ.