ಒಗ್ಗರಣೆಗೆ ಮೊದಲು ತೆಗೆದಿಟ್ಟ ಅನ್ನ

ಕೇಳುಗರಿಗೆ ನಮಸ್ಕಾರ.

ಶಾಲೆಯ ದಾಖಲಾತಿ ಅರ್ಜಿಯಲ್ಲಿ ಜಾತಿ, ಆದಾಯ, ಆಧಾರ್ ಸಂಖ್ಯೆ ಎಲ್ಲವನ್ನೂ ತುಂಬಿಸಿಕೊಳ್ಳುತ್ತಾರೆ. ಮಗುವಿಗೆ ಯಾವ ಆಹಾರ ಅಲರ್ಜಿ ಎಂದು ಕೇಳುವವರು ಅಪರೂಪ. ಕೇಳದಿದ್ದರೂ ಬರೆದುಕೊಡಿ. ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಚೀಟಿ ಬಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ; ಬಿಸಿಯೂಟದ ಅಡುಗೆಯವರಿಗೆ ವಿಷಯ ಗೊತ್ತಿರಬೇಕು.

ಕ್ಷೀರಭಾಗ್ಯದ ಹಾಲು ಕುಡಿದು ಹೊಟ್ಟೆ ಉಬ್ಬರಿಸುವ ಮಕ್ಕಳಿದ್ದಾರೆ. ಅವರಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಅಷ್ಟೇ, ಸಂಕಟವಿದ್ದರೂ ಪ್ರಾಣಭಯವಿಲ್ಲ. ಅಲರ್ಜಿ ಹಾಗಲ್ಲ. ಹಾಲು, ಮೊಟ್ಟೆ, ಕಡಲೆಬೀಜದಲ್ಲಿರುವ ಪ್ರೋಟೀನನ್ನು ದೇಹ ಶತ್ರುವೆಂದು ಬಗೆದು ತಿರುಗಿ ಬೀಳುತ್ತದೆ. ಕೆಲವು ಮಕ್ಕಳಿಗೆ ಒಂದು ಚೂರೂ ಹೆಚ್ಚೇ. "ಸ್ವಲ್ಪ ಸ್ವಲ್ಪ ತಿಂದರೆ ಅಭ್ಯಾಸವಾಗುತ್ತದೆ" ಎನ್ನುವ ಹಿರಿಯರ ಪ್ರೀತಿಯೇ ಇಲ್ಲಿ ಅಪಾಯ.

ಚಿತ್ರಾನ್ನದ ದಿನ ನೋಡಿ. "ಬೀಜ ಆರಿಸಿ ತೆಗೆದು ಬಡಿಸುತ್ತೇವೆ" ಎನ್ನುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಆದರೆ ಬೀಜ ಹುರಿದ ಎಣ್ಣೆ ಅಗುಳಗುಳಿಗೂ ಹತ್ತಿರುತ್ತದೆ. ಆ ಮಗುವಿನ ಪಾಲಿನ ಅನ್ನವನ್ನು ಒಗ್ಗರಣೆಗೆ ಮೊದಲೇ ತೆಗೆದಿಟ್ಟು, ಬೇರೆ ಸೌಟಿನಲ್ಲಿ ಬಡಿಸಬೇಕು. ಮೊಟ್ಟೆ ಸುಲಿದ ಕೈಯಲ್ಲೇ ಬಾಳೆಹಣ್ಣು ಹಂಚಬಾರದು. ಸೋಪು ಹಚ್ಚಿ ಕೈ ತೊಳೆಯಬೇಕು. ಸ್ಯಾನಿಟೈಸರ್ ರೋಗಾಣುವನ್ನು ಕೊಂದೀತು, ಕಡಲೆಬೀಜದ ಅಂಶವನ್ನು ತೆಗೆಯಲಾರದು.

ಹಾಗೆಂದು ಮಗುವನ್ನು ಮೂಲೆಯಲ್ಲಿ ಒಂಟಿಯಾಗಿ ಕೂರಿಸಬೇಡಿ. ನಮ್ಮಲ್ಲಿ ಪಂಕ್ತಿಭೇದದ ಕಹಿ ಸಾಕಷ್ಟಿದೆ, ಇದೊಂದು ಬೇಡ. ಪಕ್ಕದಲ್ಲಿ ಕೂರುವ ಗೆಳೆಯರಿಗೆ ವಿಷಯ ತಿಳಿಸಿದರೆ ಅವರೇ ಕಾವಲು. ಹುಟ್ಟುಹಬ್ಬದ ಚಾಕೊಲೇಟ್ ಹಂಚುವ ಮುನ್ನ ಪೊಟ್ಟಣದ ಹಿಂದಿನ ಸಣ್ಣಕ್ಷರ ಓದಿ. ಅಲರ್ಜಿ ತರುವ ಪದಾರ್ಥಗಳನ್ನು ಅಲ್ಲಿ ನಮೂದಿಸಬೇಕೆಂಬ ನಿಯಮವಿದೆ.

ಇಷ್ಟಾದರೂ ತುಟಿ ಊದಿಕೊಂಡು, ದನಿ ಒಡೆದು, ಉಸಿರು ಕಟ್ಟತೊಡಗಿದರೆ ಜೀರಿಗೆ ನೀರು, ಮಜ್ಜಿಗೆ ಎಂದು ಕಾಲ ಕಳೆಯಬೇಡಿ. ಅಲರ್ಜಿ ಮಾತ್ರೆ ತುರಿಕೆಗೆ ಸರಿ, ಕಟ್ಟಿದ ಉಸಿರಿಗಲ್ಲ. ಆಗ ಬೇಕಾದದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು. ಕೂಡಲೇ 108ಕ್ಕೆ ಕರೆ ಮಾಡಿ. ಮಗುವನ್ನು ಎಬ್ಬಿಸಿ ನಡೆಸಬಾರದು. ಮಲಗಿಸಿ ಕಾಲು ಎತ್ತರಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ. ಚೇತರಿಸಿಕೊಂಡ ಮೇಲೂ ಕೆಲವು ಗಂಟೆಗಳಲ್ಲಿ ತೊಂದರೆ ಮರುಕಳಿಸಬಹುದು, ಆದ್ದರಿಂದ ಆಸ್ಪತ್ರೆಯಿಂದ ಬೇಗ ಕರೆದುಕೊಂಡು ಹೊರಡಬೇಡಿ.

ಪೋಷಕರೇ, ತೊಡೆಗೆ ಒತ್ತಿ ಹಿಡಿದರೆ ತಾನಾಗಿ ಚುಚ್ಚುವ ಅಡ್ರಿನಲಿನ್ ಪೆನ್ನು ನಮ್ಮ ಔಷಧದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಶಾಲೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈ ವಾರವೇ ಹೋಗಿ, ಅಡ್ರಿನಲಿನ್ ದಾಸ್ತಾನು ಇದೆಯೇ, ಮಧ್ಯಾಹ್ನದ ಊಟದ ಹೊತ್ತಿಗೆ ಅದನ್ನು ಚುಚ್ಚಬಲ್ಲವರು ಯಾರಿರುತ್ತಾರೆ ಎಂದು ಕೇಳಿಕೊಂಡು ಬನ್ನಿ.